ಸಿರೆಯ ಬಾಯಲ್ಲಿ ಹುಟ್ಟುವ ತಪ್ಪು ಬಡಿತ

"ಆಂಜಿಯೋಗ್ರಾಂ ನಾರ್ಮಲ್ ಅಂದ್ರು. ಬ್ಲಾಕ್ ಏನೂ ಇಲ್ಲವಂತೆ. ಮತ್ತೆ ಎದೆ ಯಾಕೆ ಹೀಗೆ ಹೊಡ್ಕೊಳ್ಳುತ್ತೆ?"

ಎದೆಬಡಿತ ಏರುಪೇರಾದವರ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಹೃದಯದ ಕಾಯಿಲೆ ಅಂದರೆ ಬ್ಲಾಕ್ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಆಂಜಿಯೋಗ್ರಾಂನಲ್ಲಿ ನೋಡುವುದು ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕೊರೊನರಿ ನಾಳಗಳನ್ನು ಮಾತ್ರ. ಬಡಿತದ ಲಯ ಕೆಡಲು ಆ ನಾಳಗಳಲ್ಲಿ ಬ್ಲಾಕ್ ಇರಲೇಬೇಕೆಂದಿಲ್ಲ. ಎಷ್ಟೋ ಸಲ ತೊಂದರೆ ಶುರುವಾಗುವುದು ಹೃದಯಕ್ಕೆ ರಕ್ತ ತಂದು ಸುರಿಯುವ ಸಿರೆಗಳ ಬಾಯಲ್ಲಿ. ಆ ಜಾಗ ಯಾವುದು, ಅಲ್ಲೇ ಯಾಕೆ ಎಂದು ಗೊತ್ತಾದರೆ ಡಾಕ್ಟರು ಹೇಳುವ ಮಾತು, ಬರೆದುಕೊಡುವ ಮಾತ್ರೆ, ಮಾಡುವ ಚಿಕಿತ್ಸೆ ಎಲ್ಲಕ್ಕೂ ಅರ್ಥ ಬರುತ್ತದೆ.

ಇಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯ ಬಗ್ಗೆ. ಆಸ್ಪತ್ರೆಗಳಲ್ಲಿ ಚಿಕ್ಕದಾಗಿ ಎಎಫ್ ಅನ್ನುತ್ತಾರೆ. ದಿನಗಟ್ಟಲೆ, ವರ್ಷಗಟ್ಟಲೆ ಕಾಡುವ ಲಯದ ತೊಂದರೆಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾಣಿಸುವುದು ಇದು. ವಯಸ್ಸಾದ ಹಾಗೆ ಜಾಸ್ತಿಯಾಗುತ್ತದೆ.

ಸರಿಯಾದ ಬಡಿತ ಹುಟ್ಟುವ ಜಾಗ

ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲಿನ ಎರಡಕ್ಕೆ ಹೃತ್ಕರ್ಣ, ಕೆಳಗಿನ ಎರಡಕ್ಕೆ ಹೃತ್ಕುಕ್ಷಿ ಎಂದು ಶಾಲೆಯಲ್ಲಿ ಓದಿದ್ದೇವೆ. ನಾನಿಲ್ಲಿ ಮೇಲ್ಕೋಣೆ, ಕೆಳಕೋಣೆ ಎಂದೇ ಬರೆಯುತ್ತೇನೆ. ಮೇಲ್ಕೋಣೆಗಳು ರಕ್ತ ತುಂಬಿಕೊಂಡು ಕೆಳಗೆ ಬಿಡುತ್ತವೆ. ಕೆಳಕೋಣೆಗಳು ಅದನ್ನು ಜೋರಾಗಿ ಹೊರಗೆ ತಳ್ಳುತ್ತವೆ.

ಹೃದಯಕ್ಕೆ ರಕ್ತ ತರುವ ನಾಳವೇ ಸಿರೆ, ಅಂದರೆ ಪಾಠದಲ್ಲಿದ್ದ ಅಭಿಧಮನಿ. ಬಲ ಮೇಲ್ಕೋಣೆಗೆ ದೊಡ್ಡ ಸಿರೆಗಳು ಎರಡು. ತಲೆ ಮತ್ತು ಕೈಗಳ ರಕ್ತ ಮೇಲಿನ ಮಹಾಸಿರೆಯಲ್ಲಿ ಇಳಿದು ಬರುತ್ತದೆ. ಹೊಟ್ಟೆ ಮತ್ತು ಕಾಲುಗಳ ರಕ್ತ ಕೆಳಗಿನ ಮಹಾಸಿರೆಯಲ್ಲಿ ಏರಿ ಬರುತ್ತದೆ. ಹೃದಯದ ಸ್ನಾಯು ತಾನೇ ಬಳಸಿದ ರಕ್ತ ಕೊರೊನರಿ ಸೈನಸ್ ಎಂಬ ಇನ್ನೊಂದು ಸಿರೆಯ ಮೂಲಕ ಅದೇ ಕೋಣೆಗೆ ಬರುತ್ತದೆ. ಎಡ ಮೇಲ್ಕೋಣೆಯ ಕಥೆ ಬೇರೆ. ಶ್ವಾಸಕೋಶಗಳಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಅಲ್ಲಿಗೆ ಸಾಮಾನ್ಯವಾಗಿ 4 ಸಿರೆಗಳಲ್ಲಿ ಬರುತ್ತದೆ. ಬಲ ಶ್ವಾಸಕೋಶದಿಂದ ಎರಡು, ಎಡದಿಂದ ಎರಡು. ಈ ನಾಲ್ಕು ಸಿರೆಗಳನ್ನು ನೆನಪಿಟ್ಟುಕೊಳ್ಳಿ.

ಈಗ ಬಡಿತ. ಪ್ರತಿ ಬಡಿತವೂ ಒಂದು ಸಣ್ಣ ವಿದ್ಯುತ್ ಸಂಕೇತದಿಂದ ಶುರುವಾಗುತ್ತದೆ. ಆ ಸಂಕೇತ ಹುಟ್ಟುವ ಜಾಗ ಸೈನಸ್ ನೋಡ್. ಮೇಲಿನ ಮಹಾಸಿರೆ ಬಲ ಮೇಲ್ಕೋಣೆಯನ್ನು ಸೇರುವ ಅಂಚಿನಲ್ಲೇ ಅದು ಇದೆ. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಅಂಗರಚನಾ ತಜ್ಞ ಆರ್ಥರ್ ಕೀತ್ ಮತ್ತು ಆಗಿನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ಮಾರ್ಟಿನ್ ಫ್ಲಾಕ್ 1907ರಲ್ಲಿ ಇದನ್ನು ಪ್ರಕಟಿಸಿದರು. ಫ್ಲಾಕ್‌ಗೆ ಅದು ಮೊದಲು ಕಂಡಿದ್ದು ಮೋಲ್ ಎಂಬ, ನೆಲ ತೋಡಿ ಬದುಕುವ ಪುಟ್ಟ ಪ್ರಾಣಿಯ ಹೃದಯದಲ್ಲಿ.

ಅಂದರೆ ಸರಿಯಾದ ಬಡಿತವೂ ಒಂದು ಸಿರೆಯ ಬಾಯಲ್ಲೇ ಹುಟ್ಟುತ್ತದೆ. ಇದು ಆಕಸ್ಮಿಕ ಅಲ್ಲ. ತಾಯಿಯ ಹೊಟ್ಟೆಯಲ್ಲಿ ಭ್ರೂಣದ ಹೃದಯ ಮೊದಲು ಬರೀ ಒಂದು ಕೊಳವೆ. ಸಿರೆಗಳು ಬಂದು ಸೇರುವ ತುದಿ ಬಡಿತಕ್ಕೆ ಮುಂದಾಳಾಗುತ್ತದೆ. ಅಲ್ಲಿಂದ ಅಲೆ ಮುಂದಕ್ಕೆ ಸಾಗಿದರೆ ತಾನೇ ರಕ್ತವೂ ಮುಂದಕ್ಕೆ ಹೋಗುವುದು? ಹೃದಯ ಬೆಳೆದು ನಾಲ್ಕು ಕೋಣೆಗಳಾದ ಮೇಲೂ ಈ ಗುಣದ ಪಳೆಯುಳಿಕೆ ಸಿರೆಗಳ ಬಾಯ ಸುತ್ತ ಉಳಿದಿರುತ್ತದೆ.

ಸೈನಸ್ ನೋಡ್‌ನಿಂದ ಹೊರಟ ಸಂಕೇತ ಮೇಲ್ಕೋಣೆಗಳಲ್ಲಿ ಹರಡುತ್ತದೆ. ನಡುವಿನ ಎವಿ ನೋಡ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು, ಆಮೇಲೆ ಕೆಳಕೋಣೆಗಳಿಗೆ ಇಳಿಯುತ್ತದೆ. ಆರಾಮಾಗಿ ಕೂತಾಗ ನಿಮಿಷಕ್ಕೆ 60ರಿಂದ 100 ಸಲ. ದಿನಕ್ಕೆ ಸುಮಾರು 1 ಲಕ್ಷ ಸಲ.

ಲಯ ಕೆಟ್ಟಾಗ ಆಗುವುದೇನು

ಎಎಫ್‌ನಲ್ಲಿ ಮೇಲ್ಕೋಣೆಗಳಿಗೆ ಒಬ್ಬ ಮುಂದಾಳು ಇರುವುದಿಲ್ಲ. ಹಲವು ಅಲೆಗಳು ಒಟ್ಟಿಗೇ ಓಡಾಡುತ್ತವೆ, ಒಂದಕ್ಕೊಂದು ಡಿಕ್ಕಿಯಾಗುತ್ತವೆ, ಒಡೆದು ಮತ್ತೆ ಹುಟ್ಟುತ್ತವೆ. ಮೇಲ್ಕೋಣೆಯಲ್ಲಿ ನಿಮಿಷಕ್ಕೆ 350ರಿಂದ 600ರವರೆಗೂ ಸಂಕೇತಗಳು. ಅಷ್ಟು ವೇಗದಲ್ಲಿ ಯಾವ ಸ್ನಾಯುವೂ ಸರಿಯಾಗಿ ಹಿಂಡಲಾರದು. ಸುಮ್ನೆ ನಡುಗುತ್ತದೆ, ಅಷ್ಟೇ. ಎವಿ ನೋಡ್ ಎಲ್ಲವನ್ನೂ ಕೆಳಗೆ ಬಿಡುವುದಿಲ್ಲ. ಒಂದಷ್ಟನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಅದು ನಮ್ಮ ಪುಣ್ಯ. ಆದರೆ ಬಿಡುವುದಕ್ಕೆ ಲೆಕ್ಕವಿಲ್ಲ. ಹಾಗಾಗಿ ಕೆಳಕೋಣೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಬಡಿಯುತ್ತದೆ.

ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿ. ಅಪರೂಪಕ್ಕೆ ಒಂದು ಬಡಿತ ತಪ್ಪಿದ ಹಾಗೆ ಅನಿಸುವುದು ಬಹಳ ಜನರಿಗೆ ಇರುತ್ತದೆ. ಎಎಫ್‌ನ ನಾಡಿ ಹಾಗಲ್ಲ. ಎರಡು ಬಡಿತಗಳ ನಡುವಿನ ಬಿಡುವು ಒಂದೊಂದು ಸಲ ಒಂದೊಂದು ರೀತಿ. ಒತ್ತಡವೂ ಹಾಗೇ, ಒಂದು ಬಡಿತ ತುಂಬಿಕೊಂಡು ಬರುತ್ತದೆ, ಮುಂದಿನದು ಬೆರಳಿಗೆ ಸಿಕ್ಕಿಯೂ ಸಿಗದ ಹಾಗಿರುತ್ತದೆ. ಕೆಳಕೋಣೆಗೆ ರಕ್ತ ತುಂಬಿಕೊಳ್ಳಲು ಸಮಯ ಸಿಗದೆ ಬಡಿದ ಬಡಿತಗಳು ಮಣಿಕಟ್ಟಿನವರೆಗೆ ಬರುವುದೇ ಇಲ್ಲ. ಅದಕ್ಕೇ ಅನುಭವಸ್ಥ ವೈದ್ಯರು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಎಣಿಸಿದ ಬಡಿತವನ್ನೂ ಕೈಯ ನಾಡಿಯನ್ನೂ ಹೋಲಿಸಿ ನೋಡುತ್ತಾರೆ. ಎಎಫ್‌ನಲ್ಲಿ ಕೈಯ ಲೆಕ್ಕ ಕಡಿಮೆ ಬರಬಹುದು.

ನಾಡಿ ನೋಡಿ ಅನುಮಾನ ಪಡಬಹುದು, ಖಚಿತವಾಗುವುದು ಇಸಿಜಿಯಲ್ಲಿ. ಮೇಲ್ಕೋಣೆ ಹಿಂಡುವ ಮೊದಲು ಕಾಣುವ ಪಿ ಎಂಬ ಸಣ್ಣ ಉಬ್ಬು ಅಲ್ಲಿ ಮಾಯವಾಗಿರುತ್ತದೆ. ಎಎಫ್ ಬಂದು ಹೋಗುವ ಹಂತದಲ್ಲಿದ್ದರೆ, ಹೋದ ಮೇಲೆ ತೆಗೆದ ಇಸಿಜಿ ಪೂರ್ತಿ ಸರಿ ಇರುತ್ತದೆ. ಆದ್ದರಿಂದ ಎದೆ ಡವಡವ ಅನ್ನುತ್ತಿರುವಾಗಲೇ ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಇಸಿಜಿ ತೆಗೆಸಿಟ್ಟುಕೊಳ್ಳಿ. ಆ ಒಂದು ಹಾಳೆ ಎಷ್ಟೋ ದಿನಗಳ ಓಡಾಟ ಉಳಿಸುತ್ತದೆ. ಅದರ ಜೊತೆ ಎದೆನೋವು, ಉಸಿರುಕಟ್ಟು, ಪ್ರಜ್ಞೆ ತಪ್ಪುವುದು ಇದ್ದರೆ ಮಾತ್ರ ಕ್ಲಿನಿಕ್ ಸಾಲದು, ನೇರ ಎಮರ್ಜೆನ್ಸಿಗೇ ಹೋಗಬೇಕು.

ಇಸಿಜಿ ಬರುವ ಮೊದಲು ಈ ಕಾಯಿಲೆಯ ಜಾಡು ಸಿಕ್ಕಿದ್ದೂ ಒಂದು ಸಿರೆಯಿಂದಲೇ. ಇಂಗ್ಲೆಂಡಿನ ಬರ್ನ್‌ಲಿ ಎಂಬ ಊರಿನಲ್ಲಿ ಜೇಮ್ಸ್ ಮೆಕೆಂಝಿ ಎಂಬ ಸಾಮಾನ್ಯ ವೈದ್ಯರಿದ್ದರು. ಕುತ್ತಿಗೆಯ ಸಿರೆಯ ಮಿಡಿತವನ್ನೂ ಕೈಯ ನಾಡಿಯನ್ನೂ ಒಟ್ಟಿಗೆ ಕಾಗದದ ಮೇಲೆ ಗೀಚುವ ಪಾಲಿಗ್ರಾಫ್ ಎಂಬ ಯಂತ್ರವನ್ನು ಅವರು ಬಳಸುತ್ತಿದ್ದರು. ಬಲ ಮೇಲ್ಕೋಣೆ ಹಿಂಡಿದಾಗಲೆಲ್ಲ ಕುತ್ತಿಗೆಯ ಸಿರೆಯಲ್ಲಿ ಒಂದು ಅಲೆ ಏಳುತ್ತದೆ. ನಾಡಿ ಪೂರ್ತಿ ಅಡ್ಡಾದಿಡ್ಡಿಯಾದ ರೋಗಿಗಳಲ್ಲಿ ಆ ಅಲೆಯೇ ಇಲ್ಲ ಎಂದು ಅವರು ಕಂಡುಕೊಂಡರು. ಮೇಲ್ಕೋಣೆ ಕೆಲಸ ನಿಲ್ಲಿಸಿದೆ ಎಂಬುದು ಅವರಿಗೆ ಹೊಳೆಯಿತು. ಅದು ನಿಂತಿಲ್ಲ, ನಡುಗುತ್ತಿದೆ ಎಂದು ಇಸಿಜಿಯ ಸಹಾಯದಿಂದ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ತೋರಿಸಿದ್ದು 1909ರಲ್ಲಿ. ಒಂದು ಸಣ್ಣ ಊರಿನ ಕ್ಲಿನಿಕ್‌ನಲ್ಲಿ ಕುತ್ತಿಗೆ ನೋಡುತ್ತಾ ಇಷ್ಟು ದೂರ ಬಂದಿದ್ದರಲ್ಲ ಮೆಕೆಂಝಿ, ಅದು ನನಗೆ ಇವತ್ತಿಗೂ ಬೆರಗು.

ಶ್ವಾಸಕೋಶದ ನಾಲ್ಕು ಸಿರೆಗಳು

ಆದರೆ ನಡುಗುವಿಕೆ ಶುರುವಾಗುವುದು ಎಲ್ಲಿಂದ? ಇದಕ್ಕೆ ಉತ್ತರ ಸಿಗಲು ಮತ್ತೆ ಸುಮಾರು 90 ವರ್ಷ ಬೇಕಾಯಿತು.

ಸಾಮಾನ್ಯವಾಗಿ ಸಿರೆ ಅಂದರೆ ತೆಳು ಗೋಡೆಯ ಕೊಳವೆ. ಅದರಲ್ಲಿ ಹೃದಯದ ಸ್ನಾಯು ಇರುವುದಿಲ್ಲ. ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ಬರುವ ಸಿರೆಗಳು ಹಾಗಲ್ಲ. ಮೇಲ್ಕೋಣೆಯ ಸ್ನಾಯು ಬಾಗಿಲಲ್ಲಿ ನಿಲ್ಲದೆ ಸಿರೆಯ ಮೇಲೂ ಸ್ವಲ್ಪ ದೂರ ಹತ್ತಿರುತ್ತದೆ. ಅಂಗಿಯ ತೋಳು ಕೈಯನ್ನು ಸುತ್ತಿಕೊಂಡು ಒಂದಷ್ಟು ದೂರ ಹೋಗಿ ನಿಲ್ಲುವುದಿಲ್ಲವೇ, ಹಾಗೆ. ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್ ಉದ್ದ. ಮೇಲಿನ ಎರಡು ಸಿರೆಗಳಲ್ಲಿ ಇದು ಜಾಸ್ತಿ ಉದ್ದ, ಕೆಳಗಿನ ಎರಡರಲ್ಲಿ ಕಡಿಮೆ.

ಇದು ಹೊಸ ವಿಷಯವೇನಲ್ಲ. ಬ್ರಿಟಿಷ್ ವೈದ್ಯರಾದ ಲಾಡರ್ ಬ್ರಂಟನ್ ಮತ್ತು ಜೋಸೆಫ್ ಫೇರರ್ ಪ್ರಾಣಿಗಳಲ್ಲಿ ಒಂದು ವಿಚಿತ್ರ ಕಂಡಿದ್ದರು. ಹೃದಯ ನಿಂತ ಮೇಲೂ ಶ್ವಾಸಕೋಶದ ಸಿರೆಗಳು ತಮ್ಮಷ್ಟಕ್ಕೆ ಮಿಡಿಯುತ್ತಿದ್ದವು. 1876ರಲ್ಲಿ ಅದನ್ನು ಬರೆದಿಟ್ಟರು. ಫೇರರ್ ಕಲ್ಕತ್ತೆಯಲ್ಲಿ ಬಹಳ ಕಾಲ ವೈದ್ಯರಾಗಿದ್ದವರು, ಭಾರತದ ಹಾವುಗಳ ವಿಷದ ಬಗ್ಗೆ ಕೆಲಸ ಮಾಡಿ ಹೆಸರಾದವರು. 1966ರಲ್ಲಿ ಇಸ್ರೇಲಿನ ನಾಥನ್ ಮತ್ತು ಎಲಿಯಾಕಿಮ್ ಮನುಷ್ಯರ ಹೃದಯಗಳನ್ನು ಕೊಯ್ದು ನೋಡಿ ಈ ಸ್ನಾಯುವಿನ ತೋಳನ್ನು ವಿವರವಾಗಿ ಬರೆದರು. ಆದರೂ ಈ ಅಂಗರಚನೆಗೂ ಎಎಫ್‌ಗೂ ನಂಟು ಹಾಕಲು ಯಾರಿಗೂ ತೋಚಲಿಲ್ಲ. ಬಹಳ ಕಾಲ ಎಲ್ಲರೂ ನಂಬಿದ್ದು, ತೊಂದರೆ ಇಡೀ ಮೇಲ್ಕೋಣೆಯಲ್ಲಿ ಹರಡಿದೆ ಎಂದು. 1987ರಲ್ಲಿ ಅಮೆರಿಕದ ಸರ್ಜನ್ ಜೇಮ್ಸ್ ಕಾಕ್ಸ್ ಶುರುಮಾಡಿದ ಆಪರೇಶನ್ ಕೂಡ ಆ ನಂಬಿಕೆಯದ್ದೇ. ಎದೆ ತೆರೆದು ಮೇಲ್ಕೋಣೆಗಳನ್ನು ಹಲವು ಕಡೆ ಕೊಯ್ದು ಹೊಲಿದು, ಅಲೆಗಳು ಸುತ್ತಲು ಜಾಗವೇ ಇಲ್ಲದ ಹಾಗೆ ಮಾಡುತ್ತಿದ್ದರು.

1998ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಐಸಾಗೇರ್ ಮತ್ತು ಸಂಗಡಿಗರ ವರದಿ ಬಂತು. ಪದೇ ಪದೇ ಎಎಫ್ ಬರುತ್ತಿದ್ದ, ಮಾತ್ರೆಗೆ ಬಗ್ಗದ 45 ರೋಗಿಗಳು. ಹೃದಯದೊಳಗೆ ತೆಳು ತಂತಿಯಂಥ ಕ್ಯಾಥೆಟರ್‌ಗಳನ್ನು ಇಟ್ಟು, ಎಎಫ್ ಶುರುವಾಗುವ ಆ ಮೊದಲ ಕ್ಷಣಕ್ಕೆ ಕಾದರು. ಅದನ್ನು ಹೊತ್ತಿಸುವ ಮೊದಲ ತಪ್ಪು ಬಡಿತ ಎಲ್ಲಿಂದ ಹೊರಟಿತು ಎಂದು ಹುಡುಕಿದರು. 69 ಜಾಗ ಸಿಕ್ಕವು. ಅವುಗಳಲ್ಲಿ 65 ಶ್ವಾಸಕೋಶದ ಸಿರೆಗಳ ಒಳಗೆ, ಬಾಯಿಂದ 2ರಿಂದ 4 ಸೆಂಟಿಮೀಟರ್ ಒಳಕ್ಕೆ ಇದ್ದವು. ನೂರಕ್ಕೆ 94. ಅದರಲ್ಲೂ ಎಡ ಮೇಲಿನ ಸಿರೆಯೊಂದರಲ್ಲೇ 31, ಬಲ ಮೇಲಿನದರಲ್ಲಿ 17. ಸ್ನಾಯುವಿನ ತೋಳು ಉದ್ದವಿರುವ ಸಿರೆಗಳೇ ಮುಂದು. ನಾಥನ್ ಮತ್ತು ಎಲಿಯಾಕಿಮ್ ಬರೆದಿದ್ದಕ್ಕೆ 32 ವರ್ಷಗಳ ನಂತರ ಅರ್ಥ ಬಂತು.

ಸಿರೆಯ ಈ ಸ್ನಾಯುವೇ ಯಾಕೆ ಹೀಗೆ? ಮೂರು ಕಾರಣ ಒಟ್ಟಿಗೆ ಸೇರುತ್ತವೆ. ಇಲ್ಲಿನ ಜೀವಕೋಶಗಳ ವಿಶ್ರಾಂತಿ ವೋಲ್ಟೇಜ್, ಅಂದರೆ ಸುಮ್ಮನಿರುವಾಗ ಕೋಶದ ಒಳಗೂ ಹೊರಗೂ ಇರುವ ವಿದ್ಯುತ್ ವ್ಯತ್ಯಾಸ, ಮೇಲ್ಕೋಣೆಯ ಕೋಶಗಳಷ್ಟು ಹೆಚ್ಚಿರುವುದಿಲ್ಲ. ಸಣ್ಣ ಪ್ರಚೋದನೆಗೂ, ಕೋಶದೊಳಗೆ ಕ್ಯಾಲ್ಸಿಯಂ ಸ್ವಲ್ಪ ಸೋರಿದರೂ, ತಾವಾಗಿಯೇ ಸಂಕೇತ ಹೊಡೆದುಬಿಡುತ್ತವೆ. ಎರಡನೆಯದು, ಎಳೆಗಳ ಜೋಡಣೆ. ಕೆಲವು ಸಿರೆಯ ಉದ್ದಕ್ಕೆ, ಕೆಲವು ಸುತ್ತಲೂ, ಕೆಲವು ಓರೆಯಾಗಿ, ನಡುನಡುವೆ ನಾರಿನ ಅಂಗಾಂಶ. ಸಂಕೇತ ಒಂದು ದಿಕ್ಕಿನಲ್ಲಿ ಸಲೀಸಾಗಿ ಹೋಗಿ ಇನ್ನೊಂದು ದಿಕ್ಕಿನಲ್ಲಿ ತಡವರಿಸುತ್ತದೆ. ಹಾಗೆ ತಡವರಿಸಿದಲ್ಲೇ ಅದು ಸುತ್ತು ಹೊಡೆಯಲು ಶುರುಮಾಡುವುದು. ಮೂರನೆಯದು, ಸಿರೆಗಳು ಕೋಣೆಗೆ ಸೇರುವ ಜಾಗದ ಹೊರಮೈಯಲ್ಲಿ ನರಗಂಟುಗಳ ಗುಂಪುಗಳಿವೆ. ಕೆಲವರಿಗೆ ರಾತ್ರಿ ಮಲಗಿದಾಗ, ಭಾರಿ ಊಟದ ಮೇಲೆ ಎಎಫ್ ಬರುವುದಕ್ಕೆ ಈ ನರಗಳ ಕೈವಾಡವೂ ಇದೆ.

ಭ್ರೂಣದ ಕಥೆ ಇಲ್ಲಿ ಮತ್ತೆ ಬರುತ್ತದೆ. ಹೃದಯದ ಎಡಭಾಗದಲ್ಲಿ ಇನ್ನೊಂದು ಸೈನಸ್ ನೋಡ್ ಬೆಳೆಯದ ಹಾಗೆ ತಡೆಯುವ ಜೀನ್ ಒಂದಿದೆ, ಹೆಸರು ಪಿಟ್‌ಎಕ್ಸ್2. ಶ್ವಾಸಕೋಶದ ಸಿರೆಯ ಸ್ನಾಯು ರೂಪುಗೊಳ್ಳಲೂ ಅದೇ ಬೇಕು. 2007ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ಎಎಫ್ ಇರುವವರ ವಂಶವಾಹಿಗಳನ್ನು ಜಾಲಾಡಿದಾಗ ಅತಿ ಗಟ್ಟಿಯಾದ ನಂಟು ಸಿಕ್ಕಿದ್ದು 4ನೇ ಕ್ರೋಮೊಸೋಮಿನಲ್ಲಿ, ಇದೇ ಜೀನಿನ ಪಕ್ಕದಲ್ಲಿ. ಒಂದೇ ಮನೆಯಲ್ಲಿ ಅಪ್ಪನಿಗೂ ಮಗನಿಗೂ ಎಎಫ್ ಬರುವುದರ ಹಿಂದೆ ಇಂಥವೂ ಇರುತ್ತವೆ.

ಕಿಡಿ ಒಂದು ಕಡೆ, ಉಳಿಯಲು ಜಾಗ ಇನ್ನೊಂದು ಕಡೆ

ಸಿರೆಯಿಂದ ಒಂದು ತಪ್ಪು ಬಡಿತ ಬಂದಮಾತ್ರಕ್ಕೆ ಎಎಫ್ ನೆಲೆ ನಿಲ್ಲುವುದಿಲ್ಲ. ಅದಕ್ಕೆ ಜಾಗ ಬೇಕು. ಮೇಲ್ಕೋಣೆ ದೊಡ್ಡದಾದಷ್ಟೂ ಅಲೆಗಳು ಒಂದನ್ನೊಂದು ಆರಿಸದೆ ಸುತ್ತುತ್ತಿರಬಹುದು. ದೊಡ್ಡ ಹೃದಯದ ಕುದುರೆಗಳಲ್ಲಿ ಎಎಫ್ ಸಾಮಾನ್ಯ, ಇಲಿಗಳಲ್ಲಿ ಅದನ್ನು ಬರಿಸಿ ಉಳಿಸುವುದೇ ಕಷ್ಟ.

ಎಡ ಮೇಲ್ಕೋಣೆ ಯಾಕೆ ಹಿಗ್ಗುತ್ತದೆ ಅಂದರೆ, ಒತ್ತಡಕ್ಕೆ. ಬಹಳ ವರ್ಷ ಬಿಪಿ ಜಾಸ್ತಿ ಇದ್ದರೆ ಕೆಳಕೋಣೆಯ ಗೋಡೆ ದಪ್ಪವಾಗಿ ಬಿಗಿಯಾಗುತ್ತದೆ. ಅದನ್ನು ತುಂಬಿಸಲು ಮೇಲ್ಕೋಣೆ ಹೆಣಗುತ್ತದೆ, ಹಿಗ್ಗುತ್ತದೆ. ಶ್ವಾಸಕೋಶದ ಸಿರೆಗಳಿಗೆ ಕವಾಟಗಳೇ ಇಲ್ಲ. ಹಾಗಾಗಿ ಕೋಣೆಯ ಒತ್ತಡ ನೇರ ಸಿರೆಗಳ ಬಾಯಿಗೂ ತಟ್ಟಿ ಅಲ್ಲಿನ ಸ್ನಾಯುವನ್ನೂ ಎಳೆಯುತ್ತದೆ. ಎಳೆದ ಸ್ನಾಯು ಇನ್ನಷ್ಟು ತಪ್ಪು ಬಡಿತ ಹೊಡೆಯುತ್ತದೆ. ಎಕೋ ವರದಿಯಲ್ಲಿ "ಎಲ್‌ಎ ಡೈಲೇಟೆಡ್" ಎಂದು ಬರೆದಿದ್ದರೆ ಇದೇ ಕೋಣೆ ಹಿಗ್ಗಿದೆ ಎಂದರ್ಥ. ಜಾಸ್ತಿ ತೂಕ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಕುಡಿತ ಇವೂ ಇದೇ ದಾರಿಗೆ ಸಹಾಯ ಮಾಡುತ್ತವೆ. ಥೈರಾಯ್ಡ್ ಜಾಸ್ತಿಯಾದರೂ ಎಎಫ್ ಬರಬಹುದು. ಅದಕ್ಕೇ ಡಾಕ್ಟರು ಥೈರಾಯ್ಡ್ ಪರೀಕ್ಷೆಯನ್ನೂ ಬರೆಯುತ್ತಾರೆ.

ಎಎಫ್ ತಾನೇ ತನಗೆ ಜಾಗ ಮಾಡಿಕೊಳ್ಳುತ್ತದೆ ಎಂಬುದು ಇನ್ನೂ ಕಳವಳದ ವಿಷಯ. 1995ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಆಡುಗಳ ಮೇಲೆ ನಡೆದ ಪ್ರಯೋಗ ಇದನ್ನು ತೋರಿಸಿತು. ಯಂತ್ರದಿಂದ ಪದೇ ಪದೇ ಎಎಫ್ ಬರಿಸಿದಾಗ ಮೊದಮೊದಲು ಸೆಕೆಂಡುಗಳಲ್ಲಿ ನಿಲ್ಲುತ್ತಿತ್ತು. ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುವುದನ್ನೇ ಬಿಟ್ಟಿತು. ಬಂದು ಹೋಗುವ ಹಂತದಲ್ಲಿದ್ದಾಗ "ಹೇಗೂ ಹೋಗುತ್ತಲ್ಲ" ಎಂದು ಕೂರುವುದು ಸರಿಯಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಉಳಿದ ಸಿರೆಗಳ ಬಾಯಿಗಳೂ ಸುಮ್ಮನಿಲ್ಲ. ಏಟ್ರಿಯಲ್ ಫ್ಲಟರ್ ಎಂಬ ಇನ್ನೊಂದು ತೊಂದರೆಯಲ್ಲಿ ಸಂಕೇತ ಬಲ ಮೇಲ್ಕೋಣೆಯಲ್ಲಿ ಒಂದೇ ದೊಡ್ಡ ಸುತ್ತು ಹೊಡೆಯುತ್ತದೆ. ಕೆಳಗಿನ ಮಹಾಸಿರೆಯ ಬಾಯಿಗೂ ಕವಾಟಕ್ಕೂ ನಡುವಿನ ಕಿರಿದಾದ ಪಟ್ಟಿಯನ್ನು ಅದು ದಾಟಲೇಬೇಕು. ಆ ಪಟ್ಟಿಯನ್ನು ಸುಟ್ಟರೆ ಸುತ್ತು ಮುರಿಯುತ್ತದೆ. ಹರೆಯದವರಲ್ಲೂ ಇದ್ದಕ್ಕಿದ್ದಂತೆ ನಿಮಿಷಕ್ಕೆ 150, 200ರ ವೇಗದಲ್ಲಿ ಬಡಿದು ಥಟ್ಟನೆ ನಿಲ್ಲುವ ಒಂದು ತೊಂದರೆಯಿದೆ. ಅದರಲ್ಲಿ ಸಂಕೇತ ಬೇಗದ ಒಂದು ದಾರಿ, ನಿಧಾನದ ಒಂದು ದಾರಿ ಹಿಡಿದು ಸುತ್ತುತ್ತದೆ. ಆ ನಿಧಾನದ ದಾರಿ ಇರುವುದು ಕೊರೊನರಿ ಸೈನಸ್ಸಿನ ಬಾಯ ಪಕ್ಕದಲ್ಲಿ.

ಡಾಕ್ಟರು ಒಳಗೆ ಹೋಗುವ ದಾರಿಯೂ ಸಿರೆಯೇ

ತಪ್ಪು ಬಡಿತದ ದಾರಿಯನ್ನು ಸುಟ್ಟೋ ಹೆಪ್ಪುಗಟ್ಟಿಸಿಯೋ ಮುಚ್ಚುವುದಕ್ಕೆ ಅಬ್ಲೇಶನ್ ಎನ್ನುತ್ತಾರೆ. ಈ ಚಿಕಿತ್ಸೆಯಲ್ಲಿ ತೊಡೆಸಂದಿನ ಸಿರೆಯಿಂದ ಕ್ಯಾಥೆಟರ್ ಒಳಗೆ ಹೋಗುತ್ತದೆ. ಕೆಳಗಿನ ಮಹಾಸಿರೆ ಹಿಡಿದು ಬಲ ಮೇಲ್ಕೋಣೆಗೆ ಬರುತ್ತದೆ. ಆದರೆ ತಲುಪಬೇಕಾದ್ದು ಎಡಕ್ಕೆ. ಎರಡು ಮೇಲ್ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ತೆಳು ಗುಳಿ ಇದೆ. ಹುಟ್ಟುವ ಮೊದಲು ಅಲ್ಲಿ ರಕ್ತ ಹಾಯುವ ಕಿಂಡಿ ಇತ್ತು. ಅಲ್ಲೇ ಸೂಜಿಯಿಂದ ಚುಚ್ಚಿ ದಾಟುತ್ತಾರೆ.

ಮೊದಲ ವರ್ಷಗಳಲ್ಲಿ ಸಿರೆಯ ಒಳಗೇ ಹೋಗಿ ತಪ್ಪು ಬಡಿತದ ಚುಕ್ಕೆಯನ್ನು ಸುಡುತ್ತಿದ್ದರು. ಗಾಯ ಮಾಗುವಾಗ ಕೆಲವರ ಸಿರೆಯೇ ಕಿರಿದಾಗಿ, ಉಸಿರಾಟದ ತೊಂದರೆ, ಕೆಮ್ಮಿನಲ್ಲಿ ರಕ್ತ ಬರತೊಡಗಿತು. ಹಾಗಾಗಿ ಹೊರಗೆ ಬಂದರು. ಈಗ ಸಿರೆಯನ್ನು ಮುಟ್ಟದೆ, ಅದರ ಬಾಯ ಸುತ್ತ ಕೋಣೆಯ ಗೋಡೆಯಲ್ಲೇ ಒಂದು ಉಂಗುರ ಎಳೆಯುತ್ತಾರೆ. ಬಿಸಿಯಿಂದ ಸುಡಬಹುದು, ಬಲೂನಿನಿಂದ ಹೆಪ್ಪುಗಟ್ಟಿಸಬಹುದು. ಉಂಗುರ ಪೂರ್ತಿಯಾದ ಕ್ಷಣ ಪರದೆಯ ಮೇಲೆ ನೋಡಬೇಕು. ಸಿರೆಯೊಳಗಿನ ಚೂಪು ಸಂಕೇತಗಳು ಮೇಲ್ಕೋಣೆಯಿಂದ ಕಳಚಿಕೊಳ್ಳುತ್ತವೆ. ಕೆಲವೊಮ್ಮೆ ಸಿರೆ ಒಳಗೇ ಹುಚ್ಚೆದ್ದು ಬಡಿಯುತ್ತಿರುತ್ತದೆ, ಆದರೆ ಉಂಗುರದ ಈಚೆ ಇಡೀ ಹೃದಯ ಶಾಂತವಾಗಿ ಸರಿಯಾದ ಲಯದಲ್ಲಿರುತ್ತದೆ. ತೊಂದರೆ ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಎಲ್ಲರ ಸಿರೆಗಳೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಎಡಗಡೆಯ ಎರಡೂ ಸೇರಿ ಒಂದೇ ಬಾಯಿ. ಕೆಲವರಿಗೆ ಬಲಗಡೆ ಮೂರನೆಯದೊಂದು. ಅದಕ್ಕೇ ಹಲವು ಕಡೆ ಮೊದಲು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಅಕ್ಕಪಕ್ಕದಲ್ಲಿ ಏನಿದೆ ಎಂಬುದೂ ಮುಖ್ಯ. ಎಡ ಮೇಲ್ಕೋಣೆಯ ಬೆನ್ನಿಗೇ ಅಂಟಿಕೊಂಡು ಅನ್ನನಾಳ ಇಳಿಯುತ್ತದೆ. ಬಿಸಿ ಅಲ್ಲಿಗೆ ತಟ್ಟಿ ತೂತಾಗುವುದು ತೀರಾ ಅಪರೂಪ, ಆದರೆ ಹಾಗೇನಾದರೂ ಆದರೆ ಪ್ರಾಣಕ್ಕೇ ಕುತ್ತು. ಅಬ್ಲೇಶನ್ ಆದ ಕೆಲವು ವಾರಗಳೊಳಗೆ ಜ್ವರ, ನುಂಗಲು ನೋವು ಬಂದರೆ ತಡಮಾಡದೆ ಅದೇ ವೈದ್ಯರಿಗೆ ತಿಳಿಸಬೇಕು. ಬಲ ಮೇಲಿನ ಸಿರೆಯ ಪಕ್ಕದಲ್ಲಿ ವಪೆಯನ್ನು ಆಡಿಸುವ ನರ ಹೋಗುತ್ತದೆ. 2023ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಲ್ಸ್ಡ್ ಫೀಲ್ಡ್ ವಿಧಾನದಲ್ಲಿ ಬಿಸಿಯ ಬದಲು ಕ್ಷಣಮಾತ್ರದ ವಿದ್ಯುತ್ ಹೊಡೆತಗಳು. ಹೃದಯದ ಸ್ನಾಯುವಿನ ಕೋಶಗಳು ಅದಕ್ಕೆ ಬೇಗ ಸಾಯುತ್ತವೆ, ಅನ್ನನಾಳ ಮತ್ತು ನರ ಬಹುಪಾಲು ತಪ್ಪಿಸಿಕೊಳ್ಳುತ್ತವೆ.

ಬೋರ್ಡೋದ ಆ ಮೊದಲ 45 ಜನರಲ್ಲಿ 28 ಮಂದಿಗೆ ಮುಂದಿನ ತಿಂಗಳುಗಳಲ್ಲಿ ಎಎಫ್ ಮರಳಲಿಲ್ಲ. ಉಳಿದವರಿಗೆ ಮರಳಿತು. ಇವತ್ತಿಗೂ ಉಂಗುರದಲ್ಲಿ ಒಂದು ಸಣ್ಣ ಬಿರುಕು ಉಳಿದರೆ ಸಂಕೇತ ಅಲ್ಲಿಂದ ನುಸುಳುತ್ತದೆ, ಎರಡನೇ ಸಲ ಮಾಡಬೇಕಾಗುತ್ತದೆ. ಮೇಲ್ಕೋಣೆ ಬಹಳ ಹಿಗ್ಗಿದವರಲ್ಲಿ, ವರ್ಷಗಟ್ಟಲೆ ಎಎಫ್ ಬಿಡದೆ ಇದ್ದವರಲ್ಲಿ ಫಲ ಕಡಿಮೆ. ಅವರಲ್ಲಿ ತೊಂದರೆ ಸಿರೆ ಬಿಟ್ಟು ಕೋಣೆಯ ಗೋಡೆಗೂ ಹಬ್ಬಿರುತ್ತದೆ.

ಕೊನೆಯದಾಗಿ ಇನ್ನೊಂದು ಮೂಲೆ. ಎಡ ಮೇಲ್ಕೋಣೆಯ ಪಕ್ಕಕ್ಕೆ, ಎಡ ಮೇಲಿನ ಸಿರೆಯ ಬಾಯ ಮುಂದೆಯೇ, ಒಂದು ಸಣ್ಣ ಚೀಲ ಚಾಚಿಕೊಂಡಿದೆ. ಕೋಣೆ ಹಿಂಡದೆ ನಡುಗುವಾಗ ಅದರೊಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಕವಾಟದ ಕಾಯಿಲೆ ಇಲ್ಲದ ಎಎಫ್‌ನಲ್ಲಿ ಎಡ ಮೇಲ್ಕೋಣೆಯ ಹೆಪ್ಪುಗಳಲ್ಲಿ ನೂರಕ್ಕೆ ಸುಮಾರು 90 ಈ ಚೀಲದಲ್ಲೇ ಸಿಕ್ಕಿವೆ. ಅದು ಕಿತ್ತು ಮೆದುಳಿಗೆ ಹೋದರೆ ಲಕ್ವ. ಎಎಫ್ ಇರುವವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು. ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆ ಕೊಡುವುದು ಇದನ್ನು ತಡೆಯಲು. ಬಡಿತ ಸರಿಪಡಿಸುವ ಮಾತ್ರೆ ಬೇರೆ, ಇದು ಬೇರೆ.

ನಮ್ಮ ದೇಶದಲ್ಲಿ ಇನ್ನೊಂದು ಗುಂಪೂ ದೊಡ್ಡದಿದೆ. ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೆ ಕೀಲುನೋವಿನ ಜ್ವರ ಬಂದು, ಎಡಗಡೆಯ ಮೈಟ್ರಲ್ ಕವಾಟ ಕಿರಿದಾದವರು. ಇವರಲ್ಲಿ ಎಡ ಮೇಲ್ಕೋಣೆ ವಿಪರೀತ ಹಿಗ್ಗುತ್ತದೆ, ಎಎಫ್ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಇವರಿಗೆ ರಕ್ತ ತೆಳು ಮಾಡುವ ಹೊಸ ಮಾತ್ರೆಗಿಂತ, ಐಎನ್‌ಆರ್ ಎಂಬ ರಕ್ತಪರೀಕ್ಷೆ ನೋಡಿಕೊಂಡು ಕೊಡುವ ವಾರ್ಫರಿನ್‌ನಂಥ ಹಳೆಯ ಮಾತ್ರೆಯೇ ಮೇಲು ಎಂದು ಭಾರತವೂ ಸೇರಿದ 24 ದೇಶಗಳ ಸುಮಾರು 4,500 ರೋಗಿಗಳ ಅಧ್ಯಯನ 2022ರಲ್ಲಿ ತೋರಿಸಿತು. ಅಬ್ಲೇಶನ್ ಚೆನ್ನಾಗಿ ಆದವರೂ ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿ ಬಿಡಬಾರದು. ಅದನ್ನು ಮುಂದುವರಿಸಬೇಕೇ ಎಂಬುದನ್ನು ಡಾಕ್ಟರು ತೀರ್ಮಾನಿಸುವುದು ಎದೆ ಈಗ ಎಷ್ಟು ಶಾಂತವಾಗಿದೆ ಎಂಬುದೊಂದನ್ನೇ ನೋಡಿ ಅಲ್ಲ. ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಹೊಡೆದಿತ್ತೇ, ಹೃದಯ ದುರ್ಬಲವಾಗಿದೆಯೇ ಎಂಬುದನ್ನೆಲ್ಲ ಲೆಕ್ಕ ಹಾಕಿ.